ಗುಬ್ಬಳ್ಳಿ

ಮಾಸ್ಕೋದ ಯಾವುದೋ ದಫ್ತರಖಾನೆಯಿಂದ ಲಕೋಟೆ ಬಂತು, ದಪ್ಪಂದು.
ಒಳಗ ಹನ್ನೊಂದು ಹಾಳಿ,
ಒಬ್ಬ ರಷ್ಯನ್ ಡಾಕ್ಟರನ ನೋಟುಬುಕ್ಕಿನ ನಕಲು.
ಪ್ಲೇಗಿನ ವರ್ಷ ಈ ಕಡೆ ಬಂದಿದ್ದನಂತ.
ನಿಮ್ಮಲ್ಲಿ ಏನರ ಕಾಗದ ಅದಾವೇನು, ಕೇಳ್ಯಾರ.

ಧಾರವಾಡದ ರೆಕಾರ್ಡ್ ರೂಮಿನಾಗ
ಎರಡು ದಿನ ಧೂಳ ಝಾಡಿಸಿದೆ.
ನಮ್ಮ ಕಡೆ ಇರೂದು ಬರೇ ಲೆಕ್ಕ:
ಸೂಜಿ ಹಾಕಿಸಿಕೊಂಡವರು ಇಷ್ಟು, ಸುಟ್ಟ ಚಾಪಿ ಇಷ್ಟು,
ಬಿಸಲು ಬೀಳಲೆಂತ ಹೆಂಚು ತಗದ ಮನಿ ಇಷ್ಟು,
ಸುಣ್ಣಕ್ಕ ಕೊಟ್ಟ ರೊಕ್ಕ, ಆಣೆ ಪೈ ಸಮೇತ.
ಹೆಸರು ಒಂದೂ ಇಲ್ಲ.
ಕಡೀ ಹಾಳಿಗೆ ಗೆದ್ದಲು ಸಹಿ ಹಾಕಿತ್ತು.

ಹೆಸರು ಇದ್ದದ್ದು ಅವನ ಹತ್ರ.
ದುರ್ಗದಬೈಲಿಗೆ ಬರತಿದ್ದ ವ್ಯಾನಿನಾಗ
ನಾಕು ರೂಪಾಯಿಗೆ ಸಿಕ್ಕ ಪುಸ್ತಕ ಓದಬೇಕಂತ
ಮುಳಗುಂದ ಸರ್ ಕಡೆ ಕಲಿತ ಲಿಪಿ;
ಆರು ಮಂದಿ ಕೂತಿದ್ವಿ, ಪರೀಕ್ಷಾಕ್ಕ ನಾ ಒಬ್ಬಾಕಿ.
ಮೂವತ್ತು ವರ್ಷದ ಮ್ಯಾಲ ಬೆರಳಿಟ್ಟು ಓದಿದೆ
ಒಂದನೇ ಇಯತ್ತೆ ಕೂಸಿನಂಗ:

ಗುಬ್ಬಳ್ಳಿ.

ಅವರ ಅಕ್ಷರಮಾಲೆಯೊಳಗ ನಮ್ಮ ಹಕಾರ ಇಲ್ಲ.
ಹಿಂಗಾಗಿ ಹುಬ್ಬಳ್ಳಿ ಗುಬ್ಬಿಗಳ ಊರಾತು.
ಗುಸೇನಬಿ. ಗನಮವ್ವ. ಗುಚ್ಚಪ್ಪ.
ಹಾವೇರಿಯಿಂದ ಬಂದ ಹೂಗಾರರು
ಗಾವೇರಿಯ ಗೂಗಾರರು.
ನಗು ಬಂತು. ಆಮ್ಯಾಲ ನಿಂತಿತು.
ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿದ ಮಂದಿ
ಒಬ್ಬೊಬ್ಬರ ತೋಳು ಚಾಚಿ, ಹೆಸರು ಹೇಳಿ,
ಬರೇ ಉಸಿರಿನಿಂದ ಆದ ಅಕ್ಷರ ಅಲ್ಲೇ ಬಿಟ್ಟು
ಮುಂದ ಹೋಗ್ಯಾರ.

ತಿದ್ದಿ ಕಳಿಸ್ರಿ ಅಂದಾರ. ಕೆಂಪು ಪೆನ್ನು ಹಿಡದೆ.
ಗೊನ್ನವ್ವ ಹೊನ್ನವ್ವ ಆದಳು. ಗುಲಗಪ್ಪ ಹುಲಗಪ್ಪ.
ಅದೇ ರಭಸಕ್ಕ ಗಂಗವ್ವನ್ನ ಹಂಗವ್ವ ಮಾಡಾಕ ಹೊಂಟಿದ್ದೆ,
ಕೈ ತಡದೆ.

ನಲವತ್ತೊಂದನೇ ಸಾಲು.
ಬರೇ ಒಂದು ಗ, ಒಂದು ಚುಕ್ಕಿ. ವಯಸ್ಸು ಆರು. ಸೂಜಿ ಇಲ್ಲ.
ಅಂಚಿನಾಗ ಒಂದೇ ಮಾತು: ಉಕುಸಿಲ.
ನಿಘಂಟು ತಗದೆ.
ಕಚ್ಚಿದಳು.
ಆ ಮಾತಿನ ಬಾಲಕ್ಕ ಒಂದು ಲ ಇತ್ತು;
ಅದರಿಂದನ ಗೊತ್ತಾತು, ಹುಡುಗಿ.

ಹ ಏನೋ, ಗ ಏನೋ.
ಹಾಲವ್ವನೋ ಗಾಳೆವ್ವನೋ.
ಮುಂದಿನ ವಾರ ಇದ್ದಳೋ ಇಲ್ಲೋ,
ಎರಡೂ ದಫ್ತರಕ್ಕ ಗೊತ್ತಿಲ್ಲ.

ಷರಾ ಕಾಲಮ್ಮಿನಾಗ ಬರದೆ: ಇದನ್ನ ತಿದ್ದೂದಿಲ್ಲ.

ಆ ಹಾಳಿಯ ನಕಲಿನಾಗ ಬಲಕ್ಕೊಂದು ಕರೀ ಕಲೆ ಐತಿ,
ಔಷಧದ್ದೋ, ಚಹಾದ್ದೋ.
ಹಲ್ಲಿನ ಗುರ್ತಂತ ನಾ ತಿಳಕೊಂಡೀನಿ.