ಏಳು ಗಂಟೆ ಕಮ್ಮಿ

ಏಪ್ರಿಲ್ ಕೊನೆಯ ವಾರ. ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಯಲ್ಲಿ
ಬಂದರಿನ ಮಂಜುಗಡ್ಡೆ ಇನ್ನೂ ಬಿಟ್ಟು ಹೋಗಿಲ್ಲ.
ಅಗ್ನಿಶಾಮಕ ಶೆಡ್ಡಿನ ಮಡಚು ಮೇಜಿಗೆ
ನಾನು, ಕ್ಯಾಲ್ಕುಲೇಟರು, ಎಣ್ಣೆ ಕಲೆಯ ಹಾಜರಿ ಪುಸ್ತಕ.
ಇನ್ನೂರು ಗಂಟೆ ತುಂಬಿದವರಿಗೆ
ತೆರಿಗೆಯಲ್ಲಿ ಒಂದಿಷ್ಟು ಸೋಡಿ.
ಆಂಬ್ರೋಸ್ ಕೀಪಿಂಗ್‌ನದು ನೂರ ತೊಂಬತ್ತಮೂರು.

ಮೂರು ಸಲ ಕೂಡಿದೆ. ಅಷ್ಟೇ.

ಏಡಿ ಕಾರ್ಖಾನೆಯ ಪಾಳಿ ಬಿಟ್ಟು ಓಡಿಬಂದದ್ದಿದೆ,
ಪೈಪು ಸುತ್ತುವ ಮಂಗಳವಾರಗಳಿವೆ,
ತಿರುವಿನಲ್ಲಿ ಮಗುಚಿದ ಮೀನಿನ ಲಾರಿ, ನಾಲ್ಕೂವರೆ.
ಹೋದ ವರ್ಷದ ಫೆಬ್ರವರಿ, ಹಿಸ್ಕಾಕ್ ಮನೆ: ಆರು.
ಆರರ ಮುಂದೆ ಪುಸ್ತಕ ಬಾಯಿ ಬಿಡುವುದಿಲ್ಲ.

ಬಂಡಿ ಶೆಡ್ಡಿಗೆ ಮರಳಿದ ಮೇಲೂ
ಅವನು ಚರ್ಚಿನ ಅಡುಗೆಕೋಣೆಯಲ್ಲಿ ಕೂತೇ ಇದ್ದ,
ಹೆಲ್ಮೆಟ್ಟು ತೊಡೆಯ ಮೇಲೆ,
ಟ್ರೈಫೀನಾ ಹಿಸ್ಕಾಕ್ ಸುಟ್ಟುಹೋದ ಬೆಕ್ಕನ್ನು
ಹೆಸರು ಹಿಡಿದು ಕರೆಯುತ್ತಿದ್ದಳು, ಬೆಳಕು ಹರಿಯುವವರೆಗೆ.
ಅವನು ಪ್ರತಿ ಸಲವೂ ಬಾಗಿಲ ಕಡೆ ನೋಡುತ್ತಿದ್ದ.
ಚಹಾ ಕಾಸಿದವಳು ನಾನೇ.
ಇದಕ್ಕೆ ಯಾವ ಕಾಲಂ?

ಫೋನು ಮಾಡಿದೆ. "ಬಿಡು ಮೆಲ್ವೀನಾ,
ಉರಿಯೋ ಮನೆಯ ಗಳ ಹಿರಿದ ಹಾಗಾಗುತ್ತೆ" ಅಂದ.
ಹಿಂದೆ ಹೀಟರು ಗೊರಗುಟ್ಟುತ್ತಿತ್ತು,
ಅದರ ಬಿಲ್ಲು ಎಷ್ಟೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪೆನ್ಸಿಲಿನಲ್ಲಿ ಬರೆದೆ: ಸ್ಥಳ ಕಾವಲು, ಏಳು.
ಅಳಿಸಿದೆ. ಇಪ್ಪತ್ತೆರಡು ವರ್ಷದಲ್ಲಿ
ಈ ಪುಸ್ತಕಕ್ಕೆ ನಾನು ಸುಳ್ಳು ತಿನ್ನಿಸಿಲ್ಲ.

ಸಂಜೆ ಸಹಿಗೆಂದು ಮುಖ್ಯಸ್ಥ ಲೆವಿ ಬಂದ.
ಕನ್ನಡಕ ಹಣೆಗೇರಿಸಿ, ಪುಟವನ್ನು ದೀಪಕ್ಕೆ ಓರೆ ಹಿಡಿದ.
"ಇಲ್ಲೇನೋ ಅಳಿಸಿದ್ದೀಯ."
ಹೌದು ಅಂದೆ.
ತುಸು ಹೊತ್ತು ಬಿಟ್ಟು, ಪೆನ್ನು ಕೇಳಿದ.