ತೂಗುಹಾಕಿ ಬಡಿಯಬೇಕು

ಅಚ್ಚಿನಿಂದ ತೆಗೆದ ಎರಕವನ್ನು
ನೋಡಿ ನಂಬುವವರಿಲ್ಲ ನಮ್ಮ ಫೌಂಡ್ರಿಯಲ್ಲಿ.
ಮರಳು ಕೊಡವಿ, ಸರಪಳಿಗೆ ತೂಗುಹಾಕಿ,
ಸಣ್ಣ ಸುತ್ತಿಗೆಯಲ್ಲಿ ಒಂದೇ ಏಟು.
ಟಣ್ ಅಂದರೆ ಲಾರಿಗೆ.
ಟಪ್ ಅಂದರೆ ಒಳಗೆಲ್ಲೋ ಬಿರುಕು, ಮತ್ತೆ ಕುಲುಮೆಗೆ.
ನೆಲಕ್ಕೊರಗಿಸಿ ಬಡಿದರೆ ಒಳ್ಳೆಯ ಎರಕವೂ ದನಿ ಬಿಡದು.
ಮೂವತ್ತೊಂದು ವರ್ಷ ಭದ್ರಾವತಿಯಲ್ಲಿ
ಈ ಎರಡು ಕಿವಿಯಿಂದ ಅನ್ನ ತಿಂದಿದ್ದೇನೆ.

ಹಾಲಪ್ಪನ ಸುತ್ತಿಗೆ ಬೇರೆ.
ಕ್ಯಾಂಟೀನಿನಲ್ಲಿ ಅವಲಕ್ಕಿ ಮುಂದಿಟ್ಟುಕೊಂಡು ಕೇಳುತ್ತಿದ್ದ:
"ಅಲ್ಲಯ್ಯಾ ಸಂತಿಯಾಗು, ಸತ್ತವನು ಮೂರನೇ ದಿನ ಎದ್ದ ಅಂತೀಯಲ್ಲ,
ನೋಡಿದವರು ಯಾರು? ಅವನ ಕಡೆಯವರೇ ತಾನೆ?
ಯೂನಿಯನ್ ಎಲೆಕ್ಷನ್ನಿನಲ್ಲಿ ಕ್ಯಾಂಡಿಡೇಟಿನ ಭಾವಮೈದನೇ
ಓಟು ಎಣಿಸಿದರೆ ಒಪ್ಪುತ್ತೀಯೇನು?"
ಟೇಬಲ್ಲಿಗೆ ಟೇಬಲ್ಲೇ ನಗುತ್ತಿತ್ತು.
ನಾನೂ ನಗುತ್ತಿದ್ದೆ.
ಬಾಯಲ್ಲಿ ಅವಲಕ್ಕಿ ಇದ್ದದ್ದು ಅನುಕೂಲ.

ರೆಜಿನಾ ಸಮಾಧಾನ ಹೇಳುತ್ತಿದ್ದಳು:
"ವಾದ ವಕೀಲರಿಗೆ ಇರಲಿ, ನಂಬಿದವರಿಗೆ ಮೌನ ಸಾಕು."
ಒಳ್ಳೆಯ ಮಾತು.
ಹೇಡಿಗೆ ಅದಕ್ಕಿಂತ ಬೆಚ್ಚನೆಯ ಕಂಬಳಿ ಇಲ್ಲ.

ಆಮೇಲೆ ಜೆಸಿಂತ ಎದ್ದು ನಿಂತಳು,
ಹದಿಮೂರು ವರ್ಷದವಳು,
ಚರ್ಚಿನ ಹಿಂದಿನ ಶೀಟಿನ ಶೆಡ್ಡಿನಲ್ಲಿ, ನನ್ನ ಭಾನುವಾರದ ತರಗತಿಯಲ್ಲಿ.
ಅದೇ ವಾರ ಅವಳ ತಮ್ಮನನ್ನು ಹೂತಿದ್ದೆವು. ಡೆಂಗ್ಯೂ.
"ಸರ್, ನಾವೆಲ್ಲ ಮೊಣಕಾಲೂರಿ ಕೇಳ್ಕೊಂಡ್ವಲ್ಲ,
ಕೇಳಿಸ್ಕೊಳ್ಳೋರು ಇದ್ದಾರೆ ಅಂತ ನಿಮಗೆ ಹೇಗೆ ಗೊತ್ತು?"
ಹೇಳಿದೆ, ಈ ಬಾಯಿಂದಲೇ:
"ಹಾಗೆಲ್ಲ ಕೇಳಬಾರದಮ್ಮ. ಪಾಪ."
ಕೂತಳು.
ಆ ಸದ್ದು ನನಗೆ ಗೊತ್ತಿರುವ ಸದ್ದು.
ಬಿರುಕು ಅವಳದ್ದಲ್ಲ.

ಎರಡು ಭಾನುವಾರ ಬರಲಿಲ್ಲ. ಮೂರನೆಯದಕ್ಕೆ
ಅವಳ ಜಾಗದಲ್ಲಿ ಯಾರೋ ಚಪ್ಪಲಿ ಇಟ್ಟಿದ್ದರು.

ಅಂದು ರಾತ್ರಿ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ.
ಎಡಕ್ಕೆ ಅವರ ಪ್ರಶ್ನೆ, ಬಲಕ್ಕೆ ನನ್ನ ಉತ್ತರ.
ಎಡಪುಟಗಳು ಭರಭರ ತುಂಬಿದವು.
ಬಲಗಡೆ ರೂಲು ಗೆರೆ ಮಾತ್ರ, ಬಿತ್ತದ ಹೊಲದ ಸಾಲಿನಂತೆ.
ಪಾದ್ರಿಗಳ ಹತ್ತಿರ ಹೋದೆ. "ರಿಟೈರಾಗುವ ಹೊತ್ತಿಗೆ ಪರೀಕ್ಷೆಯೇ?" ಎಂದು ನಕ್ಕರು,
ಆದರೂ ಬೀರುವಿನ ಕೀಲಿ ಕೊಟ್ಟರು.
ಓದಿದೆ. ಅರ್ಥವಾಗದ್ದನ್ನು ಮತ್ತೆ ಓದಿದೆ.
ಕನ್ನಡಕದ ನಂಬರು ಏರಿತು.

ಹಾಲಪ್ಪನ ಉತ್ತರ ಮಾತ್ರ ಪುಸ್ತಕದಲ್ಲಿರಲಿಲ್ಲ,
ಹಾಲಪ್ಪನಲ್ಲೇ ಇತ್ತು.
ಭದ್ರೆಯ ಸೇತುವೆ ಮೇಲೆ, ಸೈಕಲ್ ತಳ್ಳಿಕೊಂಡು ಹೋಗುತ್ತ ಹೇಳಿದೆ:
"ಲೇಡಲ್ ಮಗುಚಿ ತಿಪ್ಪೇಶಿ ಸತ್ತಾಗ
ಕೊಕ್ಕೆ ಸವೆದಿತ್ತು ಅಂದವನು ನೀನೊಬ್ಬನೇ.
ನೀನೂ ಸತ್ತವನ ಕಡೆಯವನೇ, ಗೆಳೆಯ.
ಎರಡು ಇನ್‌ಕ್ರಿಮೆಂಟ್ ಹೋಯಿತು, ಕ್ವಾರ್ಟರ್ಸ್ ಹೋಯಿತು,
ಮಾತು ಬದಲಿಸಲಿಲ್ಲ. ನಿನ್ನನ್ನು ನಂಬಿದ್ದು ಅದಕ್ಕೇ.
ಓಟು ಎಣಿಸಿದ ಭಾವಮೈದನಿಗೆ ಕುರ್ಚಿ ಸಿಗುತ್ತದೆ.
ಇವರಿಗೆ ಸಿಕ್ಕಿದ್ದು ಏಟು."

ಸೈಕಲ್ ನಿಂತಿತು.
"ನಾನು ಕೊಕ್ಕೆ ನೋಡಿದ್ದೆ ಕಣೋ."
"ಅವರೂ ಏನನ್ನೋ ನೋಡಿದ್ದರು."
"ಏನನ್ನು, ಅದು ಪ್ರಶ್ನೆ."
ಬೀಡಿ ಹಚ್ಚಿದ. ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ.
ಆದರೆ ಅಂದು ಮೊದಲ ಸಲ
ಟೇಬಲ್ಲಿಗೆ ಕೇಳಿಸಲೆಂದಲ್ಲದೆ
ನನ್ನನ್ನು ಕೇಳಿದ: "ಸರಿ, ಮುಂದೆ ಹೇಳು."

ಜೆಸಿಂತಳ ಪುಟದ ಬಲಗಡೆ
ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ.
ಓದಿದ್ದೆಲ್ಲ ಸುಳ್ಳಲ್ಲ,
ಆದರೆ ಏಳು ವರ್ಷದ ಹುಡುಗನ ಪೆಟ್ಟಿಗೆಯ ಎದುರು
ಒಂದು ವಾಕ್ಯವೂ ನೆಟ್ಟಗೆ ನಿಲ್ಲದು.

ಈಗ ಅವಳ ಮನೆ ಬಾಗಿಲಲ್ಲಿದ್ದೇನೆ, ಕಂಕುಳಲ್ಲಿ ನೋಟ್‌ಬುಕ್.
"ತಪ್ಪು ಮಾಡಿದೆ ಮಗಳೇ. ಕೇಳಬೇಕು ನೀನು.
ಗೊತ್ತಿದ್ದಷ್ಟು ಹೇಳುತ್ತೇನೆ,
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ,
ಪಾಪ ಅನ್ನುವುದಿಲ್ಲ."

ಅವಳು ಬಾಗಿಲನ್ನು ಅರ್ಧ ತೆರೆದು ನಿಂತಿದ್ದಾಳೆ.
ಸುತ್ತಿಗೆ ಅವಳ ಕೈಯಲ್ಲಿ.
ನಾನು ಸರಪಳಿಯಲ್ಲಿ ತೂಗುತ್ತಿದ್ದೇನೆ.