ಇತರೆ

ಕಾಲೇಜಿನ ಅರ್ಜಿಯಲ್ಲಿ ಹದಿನೇಳು ಆಟಗಳ ಹೆಸರು ಅಚ್ಚಾಗಿವೆ.
ಕಬಡ್ಡಿ ಮೊದಲು, ಅದು ನನ್ನದು. ಹನ್ನೊಂದನೆಯದು ಚದುರಂಗ.
ಕೊನೆಗೆ ‘ಇತರೆ’, ಅದರ ಮುಂದೆ ಚುಕ್ಕಿಗಳ ಸಾಲು,
ಇರುವೆ ಹರಿದ ಹಾಗೆ.

ಮುಬೀನಾ ಆ ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದಾಳೆ.
‘ಇಲ್ಲಿ ಬರೀರಿ ಸರ್. ಹುಬ್ಬಳ್ಯಾಗ ನಾಲ್ಕು ದಿನ ಪಂದ್ಯ.
ಕ್ರೀಡೆ ಅಂದ್ರ ಹಾಜರಿ ಕೊಡ್ತಾರ,
ಇಲ್ಲಾಂದ್ರ ಪರೀಕ್ಷಿಗೆ ಕೂಡಸಂಗಿಲ್ಲಂತ.’

ಇಪ್ಪತ್ತಾರು ವರ್ಷ ಸೀಟಿ ಊದಿದವನು ನಾನು.
ದೇವಸೂಗೂರಿನ ಮೈದಾನಕ್ಕೆ ಸುಣ್ಣ ಯಾಕೆ,
ಹಾರುಬೂದಿಯಲ್ಲೇ ಗೆರೆ ಎಳೆಯೋಣ ಎಂದು ನಗಿಸಿದವನು.
ಕೇಳಿದೆ: ‘ಇದರಾಗ ಬೆವರು ಎಲ್ಲಿ ಐತಿ, ತಾಯಿ?’
ಕೇಳಿದ ಮೇಲೆ ಕಾರಹುಣ್ಣಿಮೆ ನೆನಪಾಯಿತು:
ರಾಯಚೂರಿನಲ್ಲಿ ಒಂದೂವರೆ ಟನ್ನಿನ ಕಲ್ಲು,
ಎಳೆದದ್ದು ಎತ್ತು, ನೊರೆ ಕಕ್ಕಿದ್ದು ಎತ್ತು,
ಹಾರ ಬಿದ್ದದ್ದು ಒಡೆಯನ ಕೊರಳಿಗೆ.
ಅವನ ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ.
ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಸಂಜೆ ಅವರ ಮನೆಗೆ ಹೋದೆ.
ಬೂದಿ ಇಟ್ಟಿಗೆ ಒತ್ತುವ ಅಪ್ಪ ಇನ್ನೂ ಬಂದಿರಲಿಲ್ಲ.
ಅಮ್ಮ ಚಹಾ ಕೊಟ್ಟು ಮಗಳ ಹಿಂದೆ ಕೂತಳು.
ಫೋನಿನ ಬಲಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು.
ಮುಬೀನಾ ಹೆಬ್ಬೆರಳಿಗೆ ಪೌಡರು ಹಚ್ಚಿಕೊಂಡಳು,
ಪೈಲ್ವಾನರು ಮಣ್ಣು ಹಚ್ಚಿಕೊಳ್ಳುವಂತೆ
ಎಂದು ಹೇಳಲು ಬಾಯಿ ಬಂತು.
ಹೇಳುವುದಿಲ್ಲ. ಪೌಡರು ಪೌಡರೇ.

ಕಿಸೆಯಲ್ಲಿ ಸ್ಟಾಪ್‌ವಾಚು ಇತ್ತು.
‘ಕೊರಳಾಗ ನಾಡಿ ಹಿಡೀರಿ, ಬಾಯಿಬಿಟ್ಟು ಎಣಿಸ್ರಿ’ ಎಂದೆ.
ಎರಡು ಬೆರಳೊತ್ತಿ ಅಮ್ಮ ಎಣಿಸಿದಳು,
ಇಪ್ಪತ್ತರ ತನಕ ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ.
ಹದಿನೈದು ಸೆಕೆಂಡಿಗೆ ಮೂವತ್ತಾರು.
ನಾಲ್ಕರಿಂದ ಗುಣಿಸಿದೆ. ಮತ್ತೊಮ್ಮೆ ಗುಣಿಸಿದೆ.
ಕೂತ ಹುಡುಗಿ. ಅಲುಗುತ್ತಿದ್ದದ್ದು ಎರಡು ಹೆಬ್ಬೆರಳು.

ಆಗಲೇ ಕರೆಂಟು ಹೋಯಿತು.
ಕಿಟಕಿಯಾಚೆ ಚಿಮಣಿಗಳು ನಾಡಿಗೆಲ್ಲ ಬೆಳಕು ಕಳಿಸುತ್ತಲೇ ಇದ್ದವು.
ಫ್ಯಾನು ನಿಂತಿತು. ಅವಳ ಮೂಗಿನ ತುದಿಯಿಂದ ಹನಿ ಇಳಿಯಿತು.
‘ನೋಡ್ರಿ ಸರ್, ಬೆವರು ಬಂತು!’ ಕಣ್ಣೆತ್ತದೆ ಅಂದಳು.
ಚಹಾ ಕುಡಿಯುತ್ತ ಕೂತ ನಾನೂ ಬೆವರುತ್ತಿದ್ದೆ,
ಆದ್ದರಿಂದ ಆ ಸಾಕ್ಷಿ ನಿಲ್ಲುವುದಿಲ್ಲ.

ಕೊನೆಗೆ ಇಬ್ಬರು ಉಳಿದರು, ಇವಳು ಮತ್ತು ಎಲ್ಲಿಯವನೋ.
ಗುರಿ ಹಿಡಿಯುವಾಗ ಉಸಿರು ಕಟ್ಟಿದಳು.
ಅದು ನನಗೆ ಗೊತ್ತು.
ಲಿಂಗಸುಗೂರಿನ ಫೈನಲ್ಲಿನಲ್ಲಿ, ಗೆರೆ ಒಂದು ಗೇಣು ದೂರವಿರುವಾಗ,
ನನ್ನ ಉಸಿರು ಹರಿದದ್ದು, ಮಂಡಿ ಹರಿದದ್ದು ಒಟ್ಟಿಗೇ.
‘ಉಸಿರು ಬಿಡು!’ ಎಂದು ಕೂಗಿಬಿಟ್ಟೆ.
ಬಿಟ್ಟಳು. ತಡವಾಗಿತ್ತು.

ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿ
ಗೋಡೆ ನೋಡುತ್ತ ಕೂತಳು.
ಆ ಗೋಡೆ ನಾನು ನೋಡಿದ್ದೇನೆ,
ಲಿಂಗಸುಗೂರಿನಲ್ಲಿ ಅದಕ್ಕೆ ಹಳದಿ ಬಣ್ಣ ಬಳಿದಿದ್ದರು.

ಹೊರಡುವಾಗ ನನ್ನ ಅನುಮಾನವನ್ನೂ ಹೇಳಿದೆ:
‘ಕಬಡ್ಡಿಗೆ ಒಡೆಯ ಇಲ್ಲ, ತಾಯಿ.
ನಿನ್ನ ಆಟಕ್ಕ ಕಂಪನಿ ಐತಿ. ನಾಳಿ ಮುಂಜಾನಿ
ಸಾಕು ಅನಿಸಿದ್ರ ಮುಚ್ಚಿಬಿಡ್ತಾರ.
ಆಮ್ಯಾಲ ಎಲ್ಲಿ ಆಡ್ತಿ?’
‘ನಮ್ಮ ಮೈದಾನಕ್ಕೂ ಕಾಂಪೌಂಡ್ ಕಟ್ಟಾಕತ್ತಾರಲ್ರಿ ಸರ್,
ಲಾರಿ ನಿಲ್ಲಸಾಕ’ ಅಂದಳು,
ಗೋಡೆ ನೋಡುತ್ತಲೇ.

ಈಗ ರಾತ್ರಿ. ಅರ್ಜಿ ಮುಂದಿದೆ.
ಚುಕ್ಕಿಗಳ ಮೇಲೆ ಏನೂ ಬರೆದಿಲ್ಲ.
ಕ್ರೀಡೆ ಎನ್ನಲು ಪೆನ್ನು ತಡೆಯುತ್ತದೆ, ಅಲ್ಲ ಎನ್ನಲು ಮಂಡಿ.
ಅದರ ಕೆಳಗೆ ‘ತರಬೇತುದಾರರ ಹೆಸರು’ ಎಂದಿದೆ.
ಅದನ್ನು ಮಾತ್ರ ತುಂಬಿದ್ದೇನೆ:
ಜಂಬಯ್ಯ, ದೈಹಿಕ ಶಿಕ್ಷಕ.
ಏನು ಕಲಿಸಿದಿರಿ ಎಂದು ಪ್ರಾಂಶುಪಾಲರು ಕೇಳಿದರೆ
ಹೇಳಬೇಕು, ಎರಡೇ ಮಾತು,
ಅದೂ ತಡವಾಗಿ.